ತೂಕ ಇಳಿಸಿರಿ ಎಂದ ಮೇಲೆ

ರಕ್ತದೊತ್ತಡ ನೋಡಿಸಿಕೊಳ್ಳಲು ದವಾಖಾನೆಗೆ ಹೋದವರಿಗೆ, ಮೊಣಕಾಲು ನೋವೆಂದು ಹೋದವರಿಗೆ, ರಾತ್ರಿ ಗೊರಕೆ ಹೆಚ್ಚಾಯಿತೆಂದು ಹೋದವರಿಗೆ, ಎಲ್ಲರಿಗೂ ವೈದ್ಯರು ಕೊನೆಯಲ್ಲಿ ಹೇಳುವ ಮಾತು ಒಂದೇ: "ತೂಕ ಇಳಿಸಿರಿ." ಗುಳಿಗೆಯ ಚೀಟಿ ಕೈಗೆ ಬರುತ್ತದೆ, ಹೊರಗೆ ಮುಂದಿನವರ ಹೆಸರು ಕೂಗುತ್ತಾರೆ. ಹೇಗೆ ಇಳಿಸುವುದು, ಯಾರ ನೆರವಿನಿಂದ, ಎಷ್ಟು ಕಾಲ, ಇಳಿದದ್ದು ಮತ್ತೆ ಏರಿದರೆ ಏನು ಮಾಡುವುದು, ಇದಾವುದೂ ಆ ಚೀಟಿಯಲ್ಲಿರುವುದಿಲ್ಲ. ಗುಳಿಗೆಯ ಹೊಣೆ ಸರಕಾರದ್ದು, ತೂಕದ ಹೊಣೆ ಮಾತ್ರ ರೋಗಿಯದು ಎಂಬಂತೆ ವ್ಯವಹಾರ ಮುಗಿದುಹೋಗುತ್ತದೆ.

ತೂಕ ಇಳಿಸುವುದಕ್ಕೂ ಸರಕಾರವೇ ನೆರವು ಕೊಡತಕ್ಕದ್ದೆಂದು ಹೊರಟ ದೇಶಗಳಲ್ಲಿ ಇಂಗ್ಲೆಂಡು ಒಂದು. ಅಲ್ಲಿ ಏನು ಮಾಡಿದರು, ಯಾವುದು ಫಲಿಸಿತು, ಎಲ್ಲಿ ಸೋತಿತು ಎಂಬುದನ್ನು ಈ ಪಾಠದಲ್ಲಿ ತುಸು ವಿವರವಾಗಿ ನೋಡೋಣ. ಅನಂತರ ನಮ್ಮ ಪೇಟೆಯ ಸರಕಾರಿ ದವಾಖಾನೆಯಲ್ಲಿ ನಾವು ಏನನ್ನು ಕೇಳಿ ಪಡೆಯಬಹುದು ಎಂಬಲ್ಲಿಗೆ ಬರೋಣ.

ಬೊಜ್ಜು ಎಂಬುದು ಉಳ್ಳವರ ಕಾಯಿಲೆ, ಬೆವರು ಸುರಿಸಿ ದುಡಿಯುವ ನಮಗೇಕೆ ಆ ಚಿಂತೆ ಎಂದು ಕೆಲವರಿಗೆ ತೋರಬಹುದು. ಆ ಕಾಲ ಹೋಯಿತು. ೨೦೧೯-೨೧ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಹೆಂಗಸರಲ್ಲಿ ನೂರಕ್ಕೆ ೨೪, ಗಂಡಸರಲ್ಲಿ ನೂರಕ್ಕೆ ೨೩ ಮಂದಿಯ ತೂಕ ಇರಬೇಕಾದುದಕ್ಕಿಂತ ಹೆಚ್ಚಾಗಿತ್ತು. ಪಟ್ಟಣದ ಹೆಂಗಸರನ್ನಷ್ಟೇ ಎಣಿಸಿದರೆ ನೂರಕ್ಕೆ ೩೩. ನಮ್ಮ ಕರ್ನಾಟಕದಲ್ಲಿ ಗಂಡಸರೂ ಹೆಂಗಸರೂ ನೂರಕ್ಕೆ ಮೂವತ್ತರ ಮೇಲೆ. ತಮಿಳುನಾಡು ಮತ್ತು ದಿಲ್ಲಿಯ ಹೆಂಗಸರಲ್ಲಿ ನಲವತ್ತರ ಮೇಲೆ. ಇಷ್ಟೊಂದು ಜನ ಒಮ್ಮೆಗೇ ಸೋಮಾರಿಗಳಾದರೆಂದು ನಂಬುವುದು ಕಷ್ಟ. ಊರು ಬಿಟ್ಟು ಬಂದವನು ದಿನಕ್ಕೆ ಎಂಟು ಗಂಟೆ ಕುರ್ಚಿಯಲ್ಲಿ, ಮೂರು ಗಂಟೆ ಬಂಡಿಯಲ್ಲಿ ಕಳೆದು, ಖಾನಾವಳಿಯ ಅನ್ನವನ್ನೋ ನಿಲ್ದಾಣದ ವಡಾಪಾವನ್ನೋ ತಿಂದು, ರಾತ್ರಿ ಹತ್ತಕ್ಕೆ ಮನೆ ಸೇರಿದರೆ ದೇಹ ತನ್ನ ಲೆಕ್ಕವನ್ನು ತಾನು ಬರೆದಿಡುತ್ತದೆ.

ಮೊದಲು ಅಳತೆಯ ವಿಚಾರ. ವೈದ್ಯರು ಬಿ.ಎಂ.ಐ. ಎಂದು ಬರೆಯುವ ಅಂಕವನ್ನು ನಾವೇ ಲೆಕ್ಕ ಹಾಕಬಹುದು. ಕಿಲೋಗಳಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಒಮ್ಮೆ ಭಾಗಿಸಿ, ಬಂದದ್ದನ್ನು ಅದೇ ಎತ್ತರದಿಂದ ಇನ್ನೊಮ್ಮೆ ಭಾಗಿಸಿದರೆ ಆಯಿತು. ಬೆಲ್ಜಿಯಮಿನ ಗಣಿತಜ್ಞ ಕ್ವೆಟ್ಲೆ ಎಂಬುವರು ೧೮೩೦ರ ದಶಕದಲ್ಲಿ ಕೊಟ್ಟ ಸೂತ್ರವಿದು. ಅವರಿಗೆ ಬೊಜ್ಜಿನ ಚಿಂತೆಯೇ ಇರಲಿಲ್ಲ. ಸರಾಸರಿ ಮನುಷ್ಯ ಹೇಗಿರುವನೆಂಬ ಕುತೂಹಲವಿತ್ತು, ಅಷ್ಟೆ. ಯೂರೋಪಿನವರಿಗೆ ಈ ಅಂಕ ೩೦ ಮುಟ್ಟಿದರೆ ಬೊಜ್ಜೆಂದು ಗಣನೆ. ಆದರೆ ಭಾರತ ಮೊದಲಾದ ದಕ್ಷಿಣ ಏಶಿಯದ ಮೂಲದವರಿಗೆ ಇಂಗ್ಲೆಂಡಿನ ನಿಯಮವೇ ಈ ಗೆರೆಯನ್ನು ೨೭.೫ಕ್ಕೆ ಇಳಿಸಿದೆ. ನಮ್ಮ ದೇಶದ ತಜ್ಞರು ೨೦೦೯ರಲ್ಲಿ ಒಮ್ಮತದಿಂದ ೨೫ ಎಂದರು. ಕಾರಣವಿಷ್ಟೆ: ಅದೇ ತೂಕದ ಯೂರೋಪಿಯನನಿಗಿಂತ ನಮ್ಮಲ್ಲಿ ಮಾಂಸಖಂಡ ಕಡಿಮೆ, ಕೊಬ್ಬು ಹೆಚ್ಚು, ಆ ಕೊಬ್ಬು ಹೊಟ್ಟೆಯೊಳಗೆ, ಯಕೃತ್ತಿನ ಸುತ್ತ ಬೇಗ ಸೇರುತ್ತದೆ, ಸಿಹಿಮೂತ್ರವೂ ಕಡಿಮೆ ತೂಕದಲ್ಲಿಯೇ ಅಂಟಿಕೊಳ್ಳುತ್ತದೆ.

ಒಂದು ಉದಾಹರಣೆ ನೋಡಿ. ಐದು ಅಡಿ ಐದು ಅಂಗುಲ, ಅಂದರೆ ೧೬೫ ಸೆಂಟಿಮೀಟರ್ ಎತ್ತರದ ಗಂಡಸು. ಇವನು ಆಂಗ್ಲೇಯನಾಗಿದ್ದರೆ ೮೨ ಕಿಲೋ ತೂಗಿದಾಗ ಬೊಜ್ಜಿನವನೆನಿಸಿಕೊಳ್ಳುವನು. ಇಂಗ್ಲೆಂಡಿಗೆ ಹೋಗಿ ನೆಲಸಿದ ಕನ್ನಡಿಗನಾಗಿದ್ದರೆ ಅಲ್ಲಿಯ ವೈದ್ಯರು ೭೫ ಕಿಲೋಕ್ಕೇ ಅವನನ್ನು ಕರೆದು ಕೂರಿಸುವರು. ಇಲ್ಲಿಯೇ ಇದ್ದರೆ ನಮ್ಮ ಲೆಕ್ಕದಲ್ಲಿ ೬೮ ಕಿಲೋ ಸಾಕು.

ಈ ಅಂಕ ಸಂಪೂರ್ಣ ನಂಬತಕ್ಕದ್ದಲ್ಲ. ಮೂಟೆ ಹೊರುವ ಹಮಾಲನ ತೂಕದಲ್ಲಿ ಬಹುಪಾಲು ಮಾಂಸಖಂಡ. ಕೈಕಾಲು ಸಣ್ಣಗಾಗಿ ಹೊಟ್ಟೆ ಮಾತ್ರ ಮುಂದೆ ಬಂದ ಗುಮಾಸ್ತನಿಗೆ ಅಂಕ ೨೪ ಬಂದು, ಅವನು ಸಂತೋಷದಿಂದ ಮನೆಗೆ ಹೋಗುವುದೂ ಉಂಟು. ಆದುದರಿಂದ ಸೊಂಟದ ಸುತ್ತಳತೆಯನ್ನೂ ನೋಡಬೇಕು: ಗಂಡಸರಿಗೆ ೯೦ ಸೆಂಟಿಮೀಟರ್, ಹೆಂಗಸರಿಗೆ ೮೦ ಗಡಿ. ಪ್ಯಾಂಟಿನ ಅಳತೆಯನ್ನು ಇಲ್ಲಿ ನಂಬಬಾರದು. ಬೆಲ್ಟು ಹೊಟ್ಟೆಯ ಕೆಳಗೆ ಜಾರುತ್ತ ಜಾರುತ್ತ ಹೋದರೆ ಮೂವತ್ತನಾಲ್ಕು ಅಂಗುಲದ ಪ್ಯಾಂಟು ಹತ್ತು ವರ್ಷವೂ ಮೂವತ್ತನಾಲ್ಕೇ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು ನಿಂತು, ಟೇಪು ಹಿಡಿಯಬೇಕು.

ಇನ್ನು ಇಂಗ್ಲೆಂಡಿನ ಏರ್ಪಾಡು. ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸೇವೆ ೧೯೪೮ರ ಜುಲೈ ೫ರಂದು ಆರಂಭವಾಯಿತು. ತೆರಿಗೆಯ ಹಣದಿಂದ ನಡೆಯುವ ಸೇವೆ. ವೈದ್ಯರನ್ನು ಕಾಣಲು ರೋಗಿ ಕಾಸು ಕೊಡಬೇಕಾಗಿಲ್ಲ. ಬೊಜ್ಜಿನ ಮಟ್ಟಿಗೆ ಆ ಸೇವೆಯನ್ನು ನಾಲ್ಕು ಮೆಟ್ಟಿಲುಗಳಾಗಿ ಹೇಳುವುದು ವಾಡಿಕೆ. ಮೊದಲನೆಯದು ಎಲ್ಲರಿಗೂ ಸಲ್ಲುವಂಥದು: ಪ್ರಚಾರ, ತಿಳಿವಳಿಕೆ, ಕಾಯಿದೆ. ೨೦೧೮ರ ಏಪ್ರಿಲಿನಲ್ಲಿ ಸಕ್ಕರೆ ಪಾನೀಯಗಳ ಮೇಲೆ ಕರ ಹಾಕಿದ್ದು ಈ ಬಗೆಯದು. ಕರಕ್ಕೆ ಹೆದರಿ ಅನೇಕ ತಯಾರಕರು ಶೀಸೆಯೊಳಗಿನ ಸಕ್ಕರೆಯನ್ನೇ ಕಡಿಮೆ ಮಾಡಿದರು. ಕುಡಿಯುವವನು ಏನೂ ಮಾಡಬೇಕಾಗಲಿಲ್ಲ. ಎರಡನೆಯ ಮೆಟ್ಟಿಲು ವಾರಕ್ಕೊಂದು ತರಗತಿ, ಸಾಮಾನ್ಯವಾಗಿ ೧೨ ವಾರ. ೨೦೧೩ರಿಂದ ಸ್ಥಳೀಯ ಆಡಳಿತಗಳು ಇದನ್ನು ನೋಡಿಕೊಳ್ಳುತ್ತವೆ. ಎಷ್ಟೋ ಕಡೆ ತೂಕ ಇಳಿಸುವ ಖಾಸಗಿ ಕೂಟಗಳಿಗೆ ಗುತ್ತಿಗೆ ಕೊಟ್ಟು, ಶುಲ್ಕವನ್ನು ತಾವೇ ತೆರುತ್ತವೆ. ಮೂರನೆಯದರಲ್ಲಿ ತಜ್ಞ ವೈದ್ಯ, ಪಥ್ಯ ತಜ್ಞ, ಮನಶ್ಶಾಸ್ತ್ರಜ್ಞ ಎಲ್ಲರೂ ಕೂಡಿ ಒಬ್ಬ ರೋಗಿಯನ್ನು ನೋಡುವರು. ನಾಲ್ಕನೆಯದು ಜಠರವನ್ನು ಚಿಕ್ಕದು ಮಾಡುವ ಶಸ್ತ್ರಕ್ರಿಯೆ.

ಇವುಗಳಲ್ಲಿ ನಮಗೆ ಹೆಚ್ಚು ಕಲಿಸುವುದು ಎರಡನೆಯ ಮೆಟ್ಟಿಲು. ಅದರ ಮೇಲೆ ನಡೆದ ಎರಡು ಪರೀಕ್ಷೆಗಳನ್ನು ಇಲ್ಲಿ ವಿವರಿಸುವುದು ಲೇಸು.

ಮೊದಲನೆಯದರ ಫಲಿತಾಂಶ ೨೦೧೬ರಲ್ಲಿ ಪ್ರಕಟವಾಯಿತು. ಬೇರೆ ಯಾವುದೋ ಕೆಲಸಕ್ಕೆ ಕುಟುಂಬ ವೈದ್ಯರ ಬಳಿ ಬಂದ, ಬೊಜ್ಜುಳ್ಳ ೧,೮೮೨ ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಒಂದು ಪಾಲಿನವರಿಗೆ ವೈದ್ಯರು, ತೂಕ ಇಳಿದರೆ ನಿಮ್ಮ ಆರೋಗ್ಯಕ್ಕೆ ಒಳ್ಳೆಯದು ಎಂದಷ್ಟೇ ಹೇಳಿದರು. ಇನ್ನೊಂದು ಪಾಲಿನವರಿಗೆ, ಇಂಥಲ್ಲಿ ೧೨ ವಾರದ ಉಚಿತ ತರಗತಿ ಇದೆ, ಈಗಲೇ ಹೆಸರು ಬರೆಸಿಬಿಡೋಣ ಎಂದರು. ಎರಡಕ್ಕೂ ಹಿಡಿದ ಹೊತ್ತು ಅರ್ಧ ನಿಮಿಷದ ಆಸುಪಾಸು. ವರ್ಷ ಕಳೆದು ತೂಗಿದಾಗ ಮೊದಲ ಪಾಲಿನವರು ಸರಾಸರಿ ಒಂದು ಕಿಲೋ, ಎರಡನೆಯವರು ೨.೪ ಕಿಲೋ ಇಳಿದಿದ್ದರು. ದೊಡ್ಡ ಸಂಗತಿಯೇನಲ್ಲ ಎನ್ನಬಹುದು. ಆದರೆ ಅರ್ಧ ನಿಮಿಷದ ಬೆಲೆಗೆ ಇದು ಅಗ್ಗ. ಇನ್ನೊಂದು ವಿಷಯವೂ ಹೊರಬಿತ್ತು. ತೂಕದ ಮಾತೆತ್ತಿದರೆ ರೋಗಿಗಳು ಬೇಸರಪಡುವರೆಂದು ವೈದ್ಯರಿಗೆ ಅಳುಕು. ವಿಚಾರಿಸಿದಾಗ ಐವರಲ್ಲಿ ನಾಲ್ವರು ಆ ಮಾತು ಉಚಿತವಾಗಿತ್ತು, ಉಪಯೋಗವಾಯಿತು ಎಂದರು. ಅನುಚಿತವೂ ನಿರುಪಯೋಗಿಯೂ ಎಂದವರು ಇಡೀ ಗುಂಪಿನಲ್ಲಿ ನಾಲ್ಕೇ ಜನ. ಜನರಿಗೆ ಬೇಸರವಾಗುವುದು ಬೈದು ಕಳಿಸಿದಾಗ. ದಾರಿ ತೋರಿಸಿದರೆ ಯಾರು ಬೇಸರಪಡುವರು?

ಎರಡನೆಯ ಪರೀಕ್ಷೆ ೨೦೧೭ರದು, ೧,೨೬೭ ಮಂದಿಯದು. ಕೆಲವರ ಕೈಗೆ ಒಂದು ಪುಸ್ತಿಕೆ ಕೊಟ್ಟು ಕಳಿಸಿದರು. ಕೆಲವರಿಗೆ ೧೨ ವಾರದ ತರಗತಿ, ಇನ್ನು ಕೆಲವರಿಗೆ ಅದೇ ತರಗತಿ ಪೂರ್ತಿ ವರ್ಷ. ವರ್ಷದ ಕೊನೆಯಲ್ಲಿ ಪುಸ್ತಿಕೆಯವರು ೩.೩ ಕಿಲೋ, ೧೨ ವಾರದವರು ೪.೮ ಕಿಲೋ, ಪೂರ್ತಿ ವರ್ಷದವರು ೬.೮ ಕಿಲೋ ಇಳಿದಿದ್ದರು. ಮೂವರಿಗೂ ಹೇಳಿದ ತತ್ತ್ವದಲ್ಲಿ ದೊಡ್ಡ ಗುಟ್ಟೇನೂ ಇರಲಿಲ್ಲ. ಮಿತವಾಗಿ ತಿನ್ನಿರಿ, ನಡೆಯಿರಿ ಎಂಬುದು ಪುಸ್ತಿಕೆ ಓದಿದವನಿಗೂ ಗೊತ್ತು. ವ್ಯತ್ಯಾಸ ಮಾಡಿದ್ದು ಎಷ್ಟು ಸಲ ಬಂದು ತಕ್ಕಡಿಯ ಮೇಲೆ ನಿಂತರು, ಎಷ್ಟು ಕಾಲ ಒಬ್ಬರು ಅವರನ್ನು ಕೇಳುತ್ತಿದ್ದರು ಎಂಬುದು.

ಹೀಗೇಕೆ ಎಂಬುದಕ್ಕೆ ಶರೀರಶಾಸ್ತ್ರದಲ್ಲಿ ಉತ್ತರವಿದೆ. ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಸಂಶೋಧಕರು ಐವತ್ತು ಮಂದಿಗೆ ಹತ್ತು ವಾರ ತೀರ ಅಲ್ಪಾಹಾರ ಕೊಟ್ಟು ತೂಕ ಇಳಿಸಿ, ಅವರ ರಕ್ತದಲ್ಲಿ ಹಸಿವನ್ನು ಆಳುವ ಹಾರ್ಮೋನುಗಳನ್ನು ಅಳೆದರು. ೨೦೧೧ರಲ್ಲಿ ಪ್ರಕಟವಾದ ಆ ಫಲಿತಾಂಶದಂತೆ, ಒಂದು ವರ್ಷ ಕಳೆದ ಮೇಲೂ ಆ ಹಾರ್ಮೋನುಗಳು ಹಳೆಯ ಸ್ಥಿತಿಗೆ ಬಂದಿರಲಿಲ್ಲ. ಹಸಿವು ಮೊದಲಿಗಿಂತ ಹೆಚ್ಚೇ ಇತ್ತು. ದೇಹಕ್ಕೆ ತೂಕ ಇಳಿದದ್ದು ಬರಗಾಲ ಬಂದಂತೆ. ಕಳೆದುಹೋದದ್ದನ್ನು ಕೂಡಿಹಾಕುವವರೆಗೆ ಅದಕ್ಕೆ ಸಮಾಧಾನವಿಲ್ಲ. ಮೂರು ತಿಂಗಳು ಉಪವಾಸದಂತೆ ಇದ್ದು ಎಂಟು ಕಿಲೋ ಇಳಿಸಿ, ದೀಪಾವಳಿಯ ಹೊತ್ತಿಗೆ ಒಂಬತ್ತು ಕಿಲೋ ಏರಿಸಿಕೊಂಡ ಗೆಳೆಯನನ್ನು ನಾವು ಜಿಹ್ವಾಚಾಪಲ್ಯದವನೆಂದು ನಗೆಯಾಡುವೆವು. ಅವನು ಸೋತದ್ದು ತನ್ನ ರಕ್ತದೊಳಗಿನ ಹಸಿವಿಗೆ, ಅದೂ ಒಂಟಿಯಾಗಿ ಕಾದಾಡಿ.

ತೂಕದೊಡನೆ ಸಿಹಿಮೂತ್ರವೂ ಇರುವವರಿಗೆ ಮತ್ತೊಂದು ಮಾರ್ಗ ಅಲ್ಲಿ ಉಂಟು. ಸ್ಕಾಟ್ಲೆಂಡು ಮತ್ತು ಉತ್ತರ ಇಂಗ್ಲೆಂಡಿನ ಟೈನ್‌ಸೈಡಿನಲ್ಲಿ ನಡೆದು ೨೦೧೭ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ರೋಗ ಕಾಣಿಸಿ ಆರು ವರ್ಷ ದಾಟದವರಿಗೆ ಕೆಲವು ತಿಂಗಳು ದಿನಕ್ಕೆ ಸುಮಾರು ೮೫೦ ಕ್ಯಾಲೊರಿಯ ಪಾನಕ ಮತ್ತು ಸಾರಿನ ಪುಡಿಗಳನ್ನಷ್ಟೇ ಕೊಟ್ಟರು. ವರ್ಷದ ಕೊನೆಗೆ ನೂರಕ್ಕೆ ೪೬ ಮಂದಿಗೆ ಔಷಧವಿಲ್ಲದೆ ಸಕ್ಕರೆ ಹತೋಟಿಗೆ ಬಂದಿತ್ತು. ಎರಡು ವರ್ಷಕ್ಕೆ ೩೬. ಕಾಲ ಕಳೆದಂತೆ ತೂಕ ಏರಿದವರಲ್ಲಿ ರೋಗವೂ ಮರಳಿತು. ಈಗ ಇದು ಅಲ್ಲಿ ಸರಕಾರಿ ಸೇವೆಯಾಗಿದೆ. ಇದನ್ನು ಓದಿ ಯಾರೂ ನಾಳೆಯಿಂದ ಗಂಜಿಯ ಮೇಲೆ ಇರತಕ್ಕದ್ದಲ್ಲ. ಸಿಹಿಮೂತ್ರದ ಗುಳಿಗೆ ನುಂಗುತ್ತ ವೈದ್ಯರಿಗೆ ತಿಳಿಸದೆ ಊಟ ಬಿಟ್ಟರೆ ಸಕ್ಕರೆ ಕುಸಿದು ಪ್ರಾಣಕ್ಕೇ ಬರಬಹುದು.

ಇತ್ತೀಚೆಗೆ ಹೆಸರು ಮಾಡಿರುವುದು ಹಸಿವನ್ನು ತಗ್ಗಿಸುವ ಸೂಜಿಮದ್ದುಗಳು: ಸೆಮಾಗ್ಲುಟೈಡ್, ಟಿರ್ಜೆಪಟೈಡ್. ಸೆಮಾಗ್ಲುಟೈಡ್ ಪಡೆದವರ ತೂಕ ೬೮ ವಾರಗಳಲ್ಲಿ ಸರಾಸರಿ ನೂರಕ್ಕೆ ೧೫ರಷ್ಟು ಇಳಿಯಿತು. ನಿಲ್ಲಿಸಿದ ಒಂದೇ ವರ್ಷದಲ್ಲಿ, ಇಳಿದುದರಲ್ಲಿ ಮೂರರಲ್ಲಿ ಎರಡು ಪಾಲು ಮರಳಿ ಬಂತು. ಇಲ್ಲಿಯೂ ಅದೇ ಕಥೆ ಎಂಬುದನ್ನು ಓದುಗರು ಗಮನಿಸಿರಬಹುದು. ಇಂಗ್ಲೆಂಡಿನಲ್ಲಿ ೨೦೨೪ರ ಡಿಸೆಂಬರಿನಲ್ಲಿ ಟಿರ್ಜೆಪಟೈಡಿಗೆ ಒಪ್ಪಿಗೆ ದೊರೆಯಿತು. ಅರ್ಹರು ಲಕ್ಷಗಟ್ಟಲೆ, ಎಲ್ಲರಿಗೂ ಒಮ್ಮೆಗೇ ಕೊಡಲು ಹಣವೂ ಇಲ್ಲ, ಜೊತೆಗೆ ಪಥ್ಯ ಹೇಳುವ ಜನರೂ ಇಲ್ಲ. ಆದುದರಿಂದ ೧೨ ವರ್ಷಗಳವರೆಗೆ ಹಂತಹಂತವಾಗಿ ಕೊಡುವುದೆಂದು ಗೊತ್ತುಮಾಡಿದರು. ಮೊದಲ ಮೂರು ವರ್ಷಕ್ಕೆ ಸುಮಾರು ೨ ಲಕ್ಷ ೨೦ ಸಾವಿರ ಮಂದಿ. ೨೦೨೫ರ ಜೂನಿನಿಂದ ಕುಟುಂಬ ವೈದ್ಯರ ಮೂಲಕ ಮೊದಲ ಸರದಿ ಯಾರಿಗೆಂದರೆ, ಅಂಕ ೪೦ ದಾಟಿ, ನಮ್ಮಂಥವರಿಗಾದರೆ ೩೭.೫, ಅದರ ಜೊತೆಗೆ ಸಿಹಿಮೂತ್ರ, ರಕ್ತದೊತ್ತಡ, ಹೃದ್ರೋಗ, ರಕ್ತದ ಕೊಬ್ಬಿನ ದೋಷ, ನಿದ್ರೆಯಲ್ಲಿ ಉಸಿರು ಕಟ್ಟುವುದು ಎಂಬ ಐದರಲ್ಲಿ ನಾಲ್ಕು ಕಾಯಿಲೆ ಉಳ್ಳವರಿಗೆ.

ಇದು ನ್ಯಾಯವೇ? ಅತ್ಯಂತ ಕಷ್ಟದಲ್ಲಿರುವವರಿಗೆ ಮೊದಲು ಎಂಬುದು ನ್ಯಾಯವೆಂದೇ ನನ್ನ ಅಭಿಪ್ರಾಯ. ಪಡಿತರದ ಅಂಗಡಿಯ ಮುಂದೆ ನಿಂತು ಬಲ್ಲವರಿಗೆ ಸರದಿಯ ನೀತಿ ಹೊಸತಲ್ಲ. ಆದರೆ ಎರಡು ಕಾಯಿಲೆಯವನು ನಾಲ್ಕಾಗುವವರೆಗೆ ಕಾಯಬೇಕೆಂಬುದು ವಿಚಿತ್ರವಾದ ಉಳಿತಾಯ. ಕೈಯಲ್ಲಿ ಹಣವುಳ್ಳವರು ಖಾಸಗಿಯಾಗಿ ಕೊಂಡು ಸರದಿಯನ್ನೇ ದಾಟಿ ಹೋಗುವರು. ಆ ದೇಶದಲ್ಲಿಯೂ ಬೊಜ್ಜು ಹೆಚ್ಚಾಗಿರುವುದು ಬಡವರ ಕೇರಿಗಳಲ್ಲಿ. ಮೆಟ್ಟಿಲುಗಳೂ ಎಲ್ಲ ಊರಲ್ಲಿ ಒಂದೇ ಸಮನಾಗಿಲ್ಲ: ಒಂದೂರಲ್ಲಿ ತರಗತಿ ನಡೆದರೆ ಪಕ್ಕದೂರಲ್ಲಿ ಇಲ್ಲ.

ನಮ್ಮ ದೇಶಕ್ಕೆ ಬರೋಣ. ಸಿಹಿಮೂತ್ರ, ರಕ್ತದೊತ್ತಡ ಮುಂತಾದ ಅಂಟಿಲ್ಲದ ರೋಗಗಳಿಗಾಗಿ ೨೦೧೦ರಲ್ಲಿ ಕೇಂದ್ರ ಸರಕಾರ ಒಂದು ರಾಷ್ಟ್ರೀಯ ಕಾರ್ಯಕ್ರಮ ಹೂಡಿತು. ೨೦೧೮ರಿಂದ ಊರೂರಿನ ಆರೋಗ್ಯ ಕೇಂದ್ರಗಳಲ್ಲಿ ಮೂವತ್ತು ದಾಟಿದ ಎಲ್ಲರಿಗೂ ಉಚಿತ ತಪಾಸಣೆ ಎಂದು ಅದನ್ನು ವಿಸ್ತರಿಸಿದರು. ಮುಂಬಯಿಯ ನಗರಸಭೆಯ ದವಾಖಾನೆಗಳು, ಹೈದರಾಬಾದಿನ ಬಸ್ತಿ ದವಾಖಾನೆಗಳು, ಊರಿಗೆ ಹೋದಾಗ ಕಾಣುವ ನಮ್ಮ ಕ್ಲಿನಿಕ್ಕುಗಳು, ಇಲ್ಲೆಲ್ಲ ಬಡವರು ಕಾಸಿಲ್ಲದೆ ವೈದ್ಯರನ್ನು ಕಾಣಬಹುದು. ಇ.ಎಸ್.ಐ. ಚೀಟಿಯುಳ್ಳ ಕಾರ್ಮಿಕರಿಗೆ ಅವರದೇ ಔಷಧಾಲಯವಿದೆ.

ಈ ತಪಾಸಣೆಗೆ ಮೊದಲು ಆಶಾ ಕಾರ್ಯಕರ್ತೆಯರು ಒಂದು ನಮೂನೆ ತುಂಬುತ್ತಾರೆ. ಅದನ್ನು ಮನೆಯಲ್ಲಿಯೇ ಲೆಕ್ಕ ಹಾಕಿ ನೋಡಬಹುದು. ವಯಸ್ಸು ಮೂವತ್ತರ ಹರೆಯದಲ್ಲಿದ್ದರೆ ೧, ನಲವತ್ತರಲ್ಲಿ ೨, ಐವತ್ತರಲ್ಲಿ ೩, ಅರವತ್ತು ದಾಟಿದರೆ ೪ ಅಂಕ. ಬೀಡಿ, ತಂಬಾಕು ಹಿಂದೆ ಇತ್ತು ಅಥವಾ ಆಗೀಗ ಎಂದರೆ ೧, ನಿತ್ಯವಾದರೆ ೨. ದಿನವೂ ಮದ್ಯಪಾನವಿದ್ದರೆ ೧. ಗಂಡಸರ ಸೊಂಟ ೯೧ರಿಂದ ೧೦೦ ಸೆಂಟಿಮೀಟರ್ ಇದ್ದರೆ ೧, ಅದನ್ನು ಮೀರಿದರೆ ೨. ಹೆಂಗಸರಿಗೆ ೮೧ರಿಂದ ೯೦ಕ್ಕೆ ೧, ಮೇಲಾದರೆ ೨. ವಾರಕ್ಕೆ ೧೫೦ ನಿಮಿಷದ ಶ್ರಮವಿಲ್ಲದಿದ್ದರೆ ೧. ತಂದೆ ತಾಯಿ ಒಡಹುಟ್ಟಿದವರಲ್ಲಿ ರಕ್ತದೊತ್ತಡ, ಸಿಹಿಮೂತ್ರ, ಹೃದ್ರೋಗ ಉಂಟಾದರೆ ೨. ಒಟ್ಟು ನಾಲ್ಕು ದಾಟಿದವರನ್ನು ತಪಾಸಣೆಗೆ ಮೊದಲು ಕಳಿಸಬೇಕು. ಬೀಡಿ ಮುಟ್ಟದ, ಕುಡಿಯದ, ನಲವತ್ತೈದರ ಗುಮಾಸ್ತನೊಬ್ಬನ ಸೊಂಟ ೯೬, ವ್ಯಾಯಾಮವಿಲ್ಲ, ತಂದೆಗೆ ಸಿಹಿಮೂತ್ರ: ಎರಡು, ಒಂದು, ಒಂದು, ಎರಡು ಕೂಡಿದರೆ ಆರು. ದುಶ್ಚಟವೊಂದೂ ಇಲ್ಲದೆಯೇ ಆರು.

ತಪಾಸಣೆಯಲ್ಲಿ ರಕ್ತದೊತ್ತಡವೋ ಸಕ್ಕರೆಯೋ ಸಿಕ್ಕಿತೆನ್ನಿ. ಗುಳಿಗೆ ಉಚಿತ, ತಿಂಗಳು ತಿಂಗಳು ಬರಬೇಕು. ತೂಕಕ್ಕೆಂದೇ ಬೇರೆ ತರಗತಿ ಸಾಮಾನ್ಯವಾಗಿ ಇಲ್ಲ. ಇಂಗ್ಲೆಂಡಿನವರ ಎರಡನೆಯ ಮೆಟ್ಟಿಲು ನಮ್ಮಲ್ಲಿ ಕಟ್ಟಿಯೇ ಇಲ್ಲ. ನೆಲದಿಂದ ನೇರವಾಗಿ ಮೇಲಿನ ಮಹಡಿಗೆ ಹಾರಬೇಕು. ೨೦೨೫ರ ಫೆಬ್ರವರಿಯಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯ ಮಾತಿನಲ್ಲಿ, ಅಡಿಗೆಯ ಎಣ್ಣೆಯನ್ನು ನೂರಕ್ಕೆ ಹತ್ತರಷ್ಟು ಕಡಿಮೆ ಮಾಡಿರೆಂದು ದೇಶಕ್ಕೆ ಹೇಳಿದರು. ಒಳ್ಳೆಯ ಮಾತೇ, ಆದರೆ ಅದು ಮೊದಲ ಮೆಟ್ಟಿಲಿನ ಮಾತು.

ಆದರೂ ಗುಳಿಗೆಗೆಂದು ತಿಂಗಳಿಗೊಮ್ಮೆ ಹೋಗುವ ಆ ಭೇಟಿ ಇದೆಯಲ್ಲ, ಅದನ್ನೇ ನಾವು ತರಗತಿಯಂತೆ ಬಳಸಿಕೊಳ್ಳಬಹುದು. ಹೋದಾಗಲೆಲ್ಲ ತೂಕವನ್ನೂ ಸೊಂಟದ ಅಳತೆಯನ್ನೂ ಅದೇ ಕಾರ್ಡಿನ ಮೇಲೆ ದಿನಾಂಕ ಹಾಕಿ ಬರೆಯಿರೆಂದು ದಾದಿಯರನ್ನು ಕೇಳಿರಿ. ಇದಕ್ಕೆ ಖರ್ಚಿಲ್ಲ. ಅಂಟಿಲ್ಲದ ರೋಗಗಳ ದೊಡ್ಡ ಚಿಕಿತ್ಸಾಲಯಗಳಲ್ಲಿ ಸಲಹೆಗಾರರೊಬ್ಬರು ಇರಬೇಕೆಂದು ಸರಕಾರದ ಕಾರ್ಯಕ್ರಮದಲ್ಲಿಯೇ ಇದೆ; ದೊಡ್ಡ ಆಸ್ಪತ್ರೆಗಳಲ್ಲಿ ಪಥ್ಯ ತಜ್ಞರೂ ಇರುವರು. ಕೇಳದವರಿಗೆ ಅವರ ಕೋಣೆಯ ಬಾಗಿಲು ಯಾವುದೆಂದು ತಿಳಿಯುವುದೇ ಇಲ್ಲ. ನಮ್ಮ ವಾಚನಾಲಯದಲ್ಲಿ ಒಂದು ತೂಕದ ಯಂತ್ರವನ್ನೂ ಟೇಪನ್ನೂ ಇಟ್ಟು, ಭಾನುವಾರ ಪತ್ರಿಕೆ ಓದಲು ಬರುವ ಹತ್ತು ಜನ ಒಂದು ವಹಿಯಲ್ಲಿ ಬರೆದುಕೊಳ್ಳುವುದಾದರೆ, ಸಂಘದ ಕಾರ್ಯಕಾರಿ ಮಂಡಲಿ ಬೇಡವೆನ್ನದೆಂದು ನಂಬಿದ್ದೇನೆ.

ಊಟದ ಬಗ್ಗೆ ಒಂದೇ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯವರು ೨೦೨೪ರಲ್ಲಿ ಹೊರತಂದ ಮಾರ್ಗಸೂಚಿಯ ೨,೦೦೦ ಕ್ಯಾಲೊರಿಯ ತಟ್ಟೆಯಲ್ಲಿ ದಿನಕ್ಕೆ ಧಾನ್ಯ ೨೫೦ ಗ್ರಾಂ, ಬೇಳೆ ಅಥವಾ ಮೊಟ್ಟೆ ಮಾಂಸ ೮೫, ತರಕಾರಿ ೪೦೦, ಎಣ್ಣೆ ೨೭ ಗ್ರಾಂ. ಧಾನ್ಯ ಹಸಿಯಾಗಿ ತೂಗಿದ್ದು, ಬೆಂದದ್ದಲ್ಲ. ಖಾನಾವಳಿಯಲ್ಲಿ ಉಣ್ಣುವವರಿಗೆ ಇದನ್ನು ಅಳೆಯಲಾಗದು. ಮನೆ ಮಾಡಿಕೊಂಡಿರುವವರು ಎಣ್ಣೆಯ ಡಬ್ಬವನ್ನು ನೋಡಿದರೆ ಸಾಕು: ತಲೆಗೆ ತಿಂಗಳಿಗೆ ಎಂಟುನೂರು ಗ್ರಾಮಿನ ಸುಮಾರು. ನಾಲ್ಕು ಜನರ ಮನೆಗೆ ಐದು ಲೀಟರಿನ ಡಬ್ಬ ಒಂದು ತಿಂಗಳೂ ಬಾರದಿದ್ದರೆ ಎಲ್ಲೋ ಹೆಚ್ಚಾಗಿದೆ.

ಆ ಸೂಜಿಮದ್ದುಗಳು ೨೦೨೫ರಲ್ಲಿ ನಮ್ಮ ಪೇಟೆಗೂ ಬಂದಿವೆ. ಅವು ವೈದ್ಯರ ಚೀಟಿಯ ಮೇಲೆ ಮಾತ್ರ ಕೊಳ್ಳತಕ್ಕವು. ಗೆಳೆಯನೊಬ್ಬ ಇಳಿದನೆಂದು ಅವನ ಮದ್ದನ್ನು ತಾನೂ ಚುಚ್ಚಿಕೊಳ್ಳುವುದು ಅಪಾಯ. ನಿಲ್ಲಿಸಿದ ಮೇಲೆ ಏನಾಗುವುದೆಂಬುದನ್ನು ಆಗಲೇ ಹೇಳಿದೆ. ವರ್ಷಗಟ್ಟಲೆ ಕೊಳ್ಳುವ ಶಕ್ತಿ ಇದೆಯೇ ಎಂದು ಮೊದಲೇ ಲೆಕ್ಕ ಹಾಕಬೇಕು.

ಕಚೇರಿಯಿಂದ ಆರೋಗ್ಯ ವಿಮೆಯಿರುವ ಗುಮಾಸ್ತರಿಗೆ ಒಂದು ಮಾತು ಉಳಿದಿದೆ. ಪಾಲಿಸಿಯಲ್ಲಿ ಬೊಜ್ಜು ಮತ್ತು ತೂಕ ನಿಯಂತ್ರಣದ ಕಲಮೊಂದು ಸಾಮಾನ್ಯವಾಗಿ ಇರುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ ೨೦೧೯ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಮಾದರಿಯಾಗಿ ಕೊಟ್ಟ ಒಕ್ಕಣೆಯಂತೆ, ಶಸ್ತ್ರಕ್ರಿಯೆಯ ಖರ್ಚು ಸಿಗಬೇಕಾದರೆ ವೈದ್ಯರ ಸಲಹೆ ಇರಬೇಕು, ವಯಸ್ಸು ಹದಿನೆಂಟು ತುಂಬಿರಬೇಕು, ಬಿ.ಎಂ.ಐ. ೪೦ ಮುಟ್ಟಿರಬೇಕು. ಇಲ್ಲವೆ ೩೫ ಮುಟ್ಟಿ, ಹೃದ್ರೋಗ, ಹತೋಟಿಗೆ ಬಾರದ ಸಿಹಿಮೂತ್ರ, ನಿದ್ರೆಯಲ್ಲಿ ತೀವ್ರವಾಗಿ ಉಸಿರು ಕಟ್ಟುವುದು ಇಂಥದೊಂದು ಇದ್ದು, ಶಸ್ತ್ರವಿಲ್ಲದ ಉಪಾಯಗಳು ವಿಫಲವಾಗಿರಬೇಕು. ನಿಮ್ಮ ಪಾಲಿಸಿಯಲ್ಲಿ ಹೇಗಿದೆಯೆಂದು ಓದಿ ನೋಡಿರಿ. ವಿಫಲವಾದವೆಂದು ತೋರಿಸುವುದಕ್ಕೆ ಬಾಯಿಮಾತು ನಡೆಯದು. ತಿಂಗಳು ತಿಂಗಳೂ ದಿನಾಂಕದೊಡನೆ ತೂಕ ಬರೆದ ದವಾಖಾನೆಯ ಆ ಕಾರ್ಡು ಅಲ್ಲಿ ಕೆಲಸಕ್ಕೆ ಬರುತ್ತದೆ.